ಹಕ್ಕುಗಳ ಪಾಠ ಹಾಜರಿ ಪುಸ್ತಕದಿಂದಲೇ ಶುರು: ಪ್ರೌಢಶಾಲಾ ಶಿಕ್ಷಕರಿಗೊಂದು ಸಮಗ್ರ ಮಾರ್ಗದರ್ಶಿ

ಡಿಸೆಂಬರ್ 10 ಬಂತೆಂದರೆ ಶಾಲೆಯ ಗೋಡೆಗಳಿಗೆ ಮಾನವ ಹಕ್ಕುಗಳ ಪೋಸ್ಟರ್‌ ಹತ್ತುತ್ತವೆ. ಬಣ್ಣ ಚೆನ್ನಾಗಿರುತ್ತದೆ, ಅಕ್ಷರ ದುಂಡಗಿರುತ್ತದೆ, ‘ಎಲ್ಲರೂ ಸಮಾನರು’ ಎಂದು ಬರೆದಿರುತ್ತದೆ. ಅದೇ ಪೋಸ್ಟರಿನ ಕೆಳಗೆ, ತಡವಾಗಿ ಬಂದ ತಪ್ಪಿಗೆ ಒಬ್ಬ ಹುಡುಗ ಇಡೀ ಪೀರಿಯಡ್ ತಲೆ ತಗ್ಗಿಸಿ ನಿಂತಿರುತ್ತಾನೆ. 14 ವರ್ಷದವರಿಗೆ ಈ ಎರಡನ್ನೂ ಒಟ್ಟಿಗೆ ಓದಲು ಬರುತ್ತದೆ. ಹೇಳೋದು ಶಾಸ್ತ್ರ, ಹಾಕೋದು ಗಾಳ ಎಂದು ಅವರು ಆಗಲೇ ಅಂದುಕೊಂಡಾಗಿರುತ್ತದೆ.

ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2011ರ ಡಿಸೆಂಬರ್ 19ರಂದು ಮಾನವ ಹಕ್ಕುಗಳ ಶಿಕ್ಷಣ ಮತ್ತು ತರಬೇತಿಯ ಘೋಷಣೆಯನ್ನು ಅಂಗೀಕರಿಸಿತು. ಅದು ಈ ಶಿಕ್ಷಣವನ್ನು ಮೂರಾಗಿ ನೋಡುತ್ತದೆ: ಹಕ್ಕುಗಳ ಬಗ್ಗೆ ಕಲಿಯುವುದು, ಹಕ್ಕುಗಳನ್ನು ಪಾಲಿಸುವ ರೀತಿಯಲ್ಲೇ ಕಲಿಯುವುದು, ಹಕ್ಕುಗಳಿಗಾಗಿ ನಿಲ್ಲಲು ಕಲಿಯುವುದು. ನಮ್ಮಲ್ಲಿ ಹೆಚ್ಚಿನವರು ಮೊದಲನೆಯದನ್ನು ಮುಗಿಸಿ ಪುಸ್ತಕ ಮುಚ್ಚುತ್ತೇವೆ. ಈ ಮಾರ್ಗದರ್ಶಿ ಎರಡನೆಯದರಿಂದ ಶುರುವಾಗುತ್ತದೆ. ಅದು ಸರಿಹೋಗದೆ ಉಳಿದೆರಡನ್ನೂ ಮಕ್ಕಳು ನಂಬುವುದಿಲ್ಲ ಎಂಬುದು ನನ್ನ ಅನುಭವ.

ಮೊದಲ ಹೆಜ್ಜೆ: ಮೂಲ ದಾಖಲೆಗಳನ್ನು ನೀವೇ ಓದಿ

ಗೈಡ್‌ಗಳನ್ನಲ್ಲ, ಮೂಲವನ್ನೇ ಓದಿ. ಸಾರ್ವತ್ರಿಕ ಮಾನವ ಹಕ್ಕುಗಳ ಘೋಷಣೆಯಲ್ಲಿರುವುದು 30 ವಿಧಿಗಳು, ಒಂದೇ ಕೂತಿನಲ್ಲಿ ಓದಿ ಮುಗಿಯುತ್ತದೆ. 1948ರಲ್ಲಿ ಪ್ಯಾರಿಸ್‌ನಲ್ಲಿ ಅದು ಮತಕ್ಕೆ ಬಂದಾಗ 48 ದೇಶಗಳು ಪರವಾಗಿದ್ದವು, ವಿರೋಧ ಯಾರದ್ದೂ ಇರಲಿಲ್ಲ, 8 ದೇಶಗಳು ತಟಸ್ಥವಾಗಿ ಉಳಿದವು. ತರಗತಿಯಲ್ಲಿ ಹೇಳಲೇಬೇಕಾದ ಕಥೆ ಅದರ ಮೊದಲ ವಿಧಿಯದ್ದು. ಕರಡಿನಲ್ಲಿ ಅದು ‘ಎಲ್ಲ ಪುರುಷರು’ ಎಂಬ ಅರ್ಥಕ್ಕೂ ಎಡೆಕೊಡುವಂತಿತ್ತು. ಭಾರತದ ಪ್ರತಿನಿಧಿ ಹಂಸಾ ಮೆಹತಾ ಹಟ ಹಿಡಿದು ಅದನ್ನು ‘ಎಲ್ಲ ಮಾನವರು’ ಎಂದು ಮಾಡಿಸಿದರು. ಒಂದು ಪದದ ಮೇಲೆ ಯಾಕೆ ಅಷ್ಟು ಜಗಳ ಎಂದು ಮಕ್ಕಳನ್ನು ಕೇಳಿ ನೋಡಿ. ಅರ್ಧ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ಎರಡನೆಯದು 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ. ಅದರ 54 ವಿಧಿಗಳಲ್ಲಿ ಶಿಕ್ಷಕರು ಬಾಯಿಪಾಠ ಮಾಡಿಕೊಳ್ಳಬೇಕಾದವು ಮೂರು. 12ನೇ ವಿಧಿಯ ಪ್ರಕಾರ, ತನಗೆ ಸಂಬಂಧಿಸಿದ ಎಲ್ಲ ವಿಷಯದಲ್ಲೂ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ. ವಯಸ್ಸು ಮತ್ತು ಪ್ರಬುದ್ಧತೆಗೆ ತಕ್ಕಂತೆ ಅದಕ್ಕೆ ತೂಕ ಕೊಡಬೇಕು. 28ನೇ ವಿಧಿ ಶಾಲಾ ಶಿಸ್ತು ಮಗುವಿನ ಘನತೆಗೆ ಕುಂದು ತರಬಾರದು ಎನ್ನುತ್ತದೆ. 29ನೇ ವಿಧಿ ಶಿಕ್ಷಣದ ಗುರಿಗಳ ಪಟ್ಟಿ ಕೊಡುತ್ತದೆ. ಅಲ್ಲಿ ಎಲ್ಲಿ ಹುಡುಕಿದರೂ ಪರೀಕ್ಷೆಯ ಅಂಕ ಸಿಗುವುದಿಲ್ಲ.

ಮೂರನೆಯದು 2006ರ ಅಂಗವೈಕಲ್ಯವುಳ್ಳ ವ್ಯಕ್ತಿಗಳ ಹಕ್ಕುಗಳ ಒಡಂಬಡಿಕೆಯಲ್ಲಿ ಶಿಕ್ಷಣದ ಬಗ್ಗೆ ಇರುವ 24ನೇ ವಿಧಿ. ಇದರ ಜೊತೆಗೆ ನಿಮ್ಮ ದೇಶದ ಮಕ್ಕಳ ರಕ್ಷಣಾ ಕಾನೂನನ್ನೂ ನಿಮ್ಮ ಶಾಲೆಯ ನಿಯಮ ಪುಸ್ತಕವನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ನಿಯಮ ಪುಸ್ತಕವನ್ನು ಕೊನೆಗೆ ಓದಿ. ಒಡಂಬಡಿಕೆ ಓದಿದ ಕಣ್ಣಿಗೆ ಅದು ಬೇರೆಯೇ ಪುಸ್ತಕದ ಹಾಗೆ ಕಾಣುತ್ತದೆ.

ಎರಡನೇ ಹೆಜ್ಜೆ: ಪಾಠಕ್ಕೆ ಮುಂಚೆ ಪಹರೆ

ಎರಡು ವಾರ ಏನನ್ನೂ ಬದಲಾಯಿಸಬೇಡಿ, ಬರೆದುಕೊಳ್ಳಿ ಅಷ್ಟೆ. ಹಾಜರಿ ಕೂಗುವಾಗ ಯಾರ ಹೆಸರನ್ನು ತಪ್ಪಾಗಿ ಉಚ್ಚರಿಸುತ್ತೀರಿ? ಯಾರನ್ನು ಅಡ್ಡಹೆಸರಿನಿಂದ ಕರೆಯುತ್ತೀರಿ? ಒಂದು ಪೀರಿಯಡ್‌ನಲ್ಲಿ ನೀವು ಪ್ರಶ್ನೆ ಕೇಳಿದ್ದು ಯಾರಿಗೆ? ಆಸನಗಳ ನಕ್ಷೆ ಬರೆದು, ಮಾತಾಡಿದವರ ಜಾಗಕ್ಕೆ ಒಂದೊಂದು ಚುಕ್ಕೆ ಇಡುವಂತೆ ಸಹೋದ್ಯೋಗಿಯೊಬ್ಬರಿಗೆ ಹೇಳಿ. ನನ್ನ ನಕ್ಷೆಯಲ್ಲಿ ಎಡಗಡೆಯ ಕೊನೆಯ ಎರಡು ಸಾಲು ಪೂರ್ತಿ ಖಾಲಿ ಇತ್ತು. ಆ ಕಡೆ ಕಿಟಕಿಯಿದ್ದು ಬೆಳಕು ಕಣ್ಣಿಗೆ ಹೊಡೆಯುತ್ತದೆಂದು ನಾನು ಆ ಕಡೆ ತಿರುಗುತ್ತಲೇ ಇರಲಿಲ್ಲವಂತೆ. ದುರುದ್ದೇಶ ಏನೂ ಇರಲಿಲ್ಲ, ಆದರೂ ವರ್ಷವಿಡೀ ಅಲ್ಲಿ ಕೂತವರು ಮಾತಾಡಿರಲಿಲ್ಲ.

ಇನ್ನೊಂದು ದಿನ ಒಬ್ಬ ವಿದ್ಯಾರ್ಥಿಯ ವೇಳಾಪಟ್ಟಿ ಹಿಡಿದು ಬೆಳಗಿನಿಂದ ಸಂಜೆಯವರೆಗೆ ಅದೇ ತರಗತಿಗಳಲ್ಲಿ ಹಿಂದೆ ಕೂತುಬಿಡಿ. ಎಷ್ಟು ಗಂಟೆ ಅಲುಗಾಡದೆ ಕೂರಬೇಕು, ಶೌಚಾಲಯಕ್ಕೆ ಹೋಗಲು ಎಷ್ಟು ಜನರ ಅನುಮತಿ ಬೇಕು ಎಂಬುದು ಬೆನ್ನಿಗೂ ಹೊಟ್ಟೆಗೂ ತಿಳಿಯುತ್ತದೆ.

ಆಮೇಲೆ ಮಕ್ಕಳ ಸರದಿ. ಶಾಲೆಯ ನೆಲನಕ್ಷೆಯ ಪ್ರತಿಗಳನ್ನು ಹಂಚಿ. ನಿರಾಳ ಅನಿಸುವ ಜಾಗಕ್ಕೆ ಹಸಿರು, ಭಯ ಅಥವಾ ಅವಮಾನ ಅನಿಸುವ ಜಾಗಕ್ಕೆ ಕೆಂಪು ಹಚ್ಚಲಿ, ಹೆಸರು ಬರೆಯುವುದು ಬೇಡ. ಎಲ್ಲರ ಕೈಯಲ್ಲೂ ಒಂದೇ ಬಗೆಯ ಪೆನ್ಸಿಲ್ ಇರಲಿ, ಇಲ್ಲದಿದ್ದರೆ ಪೆನ್ಸಿಲ್ಲೇ ಗುರುತು ಹಿಡಿಸುತ್ತದೆ. ಕೆಂಪು-ಹಸಿರು ಬಣ್ಣಗುರುಡು ಇರುವ ಮಕ್ಕಳಿಗಾಗಿ ಬಣ್ಣದ ಬದಲು ಗೆರೆ ಮತ್ತು ಚುಕ್ಕೆ ಬಳಸಿದರೆ ಇನ್ನೂ ಒಳ್ಳೆಯದು; ಒಳಗೊಳ್ಳುವಿಕೆಯ ಸಮೀಕ್ಷೆಯಲ್ಲೇ ಯಾರೋ ಹೊರಗುಳಿಯುವುದು ನಗೆಪಾಟಲು. ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ನೋಡಿದಾಗ ಕೆಂಪು ಎಲ್ಲಿ ದಟ್ಟವಾಗಿದೆಯೋ ಅಲ್ಲಿಂದಲೇ ನಿಮ್ಮ ಕೆಲಸ. ಅದು ಮೆಟ್ಟಿಲ ಕೆಳಗಿನ ಮೂಲೆಯೋ ಬಟ್ಟೆ ಬದಲಿಸುವ ಕೋಣೆಯೋ ಇರಬಹುದು. ಸಿಬ್ಬಂದಿ ಕೊಠಡಿಯ ಬಾಗಿಲೇ ಆಗಿದ್ದರೂ ಆಶ್ಚರ್ಯಪಡಬೇಡಿ.

ಮೂರನೇ ಹೆಜ್ಜೆ: ತರಗತಿಯ ಒಪ್ಪಂದ

ಇದನ್ನು ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಮಾಡುತ್ತಾರೆ, ಹೆಚ್ಚಿನವರು ಕೆಡಿಸುತ್ತಾರೆ. ಕೆಡುವುದು ಎರಡು ಕಡೆ. ಒಂದು, ಒಪ್ಪಂದದಲ್ಲಿ ಶಿಕ್ಷಕರ ಕರ್ತವ್ಯವೇ ಇರುವುದಿಲ್ಲ. ‘ಉತ್ತರಪತ್ರಿಕೆಯನ್ನು ಎರಡು ವಾರದೊಳಗೆ ಹಿಂದಿರುಗಿಸುತ್ತೇನೆ, ಯಾರ ಅಂಕವನ್ನೂ ಗಟ್ಟಿಯಾಗಿ ಓದುವುದಿಲ್ಲ’ ಎಂದು ನೀವೂ ಸಹಿ ಹಾಕದಿದ್ದರೆ ಅದು ಒಪ್ಪಂದವಲ್ಲ, ಆಜ್ಞೆ. ಎರಡು, ಮುರಿದಾಗ ಏನು ಎಂಬುದು ಅದರಲ್ಲಿರುವುದಿಲ್ಲ. ಮಕ್ಕಳನ್ನೇ ಕೇಳಿದರೆ ಅವರು ಸೂಚಿಸುವ ಶಿಕ್ಷೆಗಳು ನಮ್ಮವಕ್ಕಿಂತ ಕಠೋರವಾಗಿರುತ್ತವೆ! ಆಗ 28ನೇ ವಿಧಿಯನ್ನು ಹೊರತೆಗೆಯಿರಿ. ‘ಆದ ಹಾನಿಯನ್ನು ಸರಿಪಡಿಸಲು ಏನು ಮಾಡಬೇಕು’ ಎಂಬ ಪ್ರಶ್ನೆಯತ್ತ ಮಾತು ತಿರುಗಿಸಿ. ಏಳೆಂಟು ಸಾಲು ಸಾಕು.

ನಾಲ್ಕನೇ ಹೆಜ್ಜೆ: ಬಾಗಿಲು ತೆರೆದರೆ ಸಾಲದು

1994ರ ಜೂನ್‌ನಲ್ಲಿ ಸ್ಪೇನಿನ ಸಲಮಾಂಕಾದಲ್ಲಿ 92 ಸರ್ಕಾರಗಳ ಪ್ರತಿನಿಧಿಗಳು ಸೇರಿ, ಎಲ್ಲ ಮಕ್ಕಳಿಗೂ ಸಾಮಾನ್ಯ ಶಾಲೆಯಲ್ಲೇ ಜಾಗವಿರಬೇಕು ಎಂಬ ತತ್ವವನ್ನು ಸಾರಿದರು. ಆಮೇಲೆ ಬಹಳಷ್ಟು ಕಡೆ ಬಾಗಿಲು ತೆರೆಯಿತು, ಒಳಗೆ ಏನೂ ಬದಲಾಗಲಿಲ್ಲ. ವಿಶ್ವಸಂಸ್ಥೆಯ ಅಂಗವೈಕಲ್ಯ ಹಕ್ಕುಗಳ ಸಮಿತಿ 2016ರಲ್ಲಿ 24ನೇ ವಿಧಿಗೆ ವಿವರಣೆ ಬರೆದಾಗ ನಾಲ್ಕು ಪದಗಳನ್ನು ಬಿಡಿಸಿಟ್ಟಿತು. ಸೇರಿಸಿಕೊಳ್ಳದೇ ಇರುವುದು ಹೊರಗಿಡುವಿಕೆ. ಬೇರೆ ಕಟ್ಟಡದಲ್ಲೋ ಬೇರೆ ಕೋಣೆಯಲ್ಲೋ ಕಲಿಸುವುದು ಪ್ರತ್ಯೇಕಿಸುವಿಕೆ. ‘ಬಾ, ಆದರೆ ನಮ್ಮ ವ್ಯವಸ್ಥೆಗೆ ನೀನೇ ಹೊಂದಿಕೋ’ ಎನ್ನುವುದು ಏಕೀಕರಣ. ಮಗುವಿಗೆ ತಕ್ಕಂತೆ ಪಾಠ, ಪರೀಕ್ಷೆ, ಕಟ್ಟಡ, ಮನಸ್ಸು ಎಲ್ಲವೂ ಬದಲಾಗುವುದು ಒಳಗೊಳ್ಳುವಿಕೆ. ನಿಮ್ಮ ಶಾಲೆ ಯಾವ ಮೆಟ್ಟಿಲಲ್ಲಿದೆ ಎಂದು ಸಿಬ್ಬಂದಿ ಸಭೆಯಲ್ಲಿ ಕೇಳಿದರೆ ಒಂದು ನಿಮಿಷ ಮೌನ ಆವರಿಸುತ್ತದೆ. ಆ ಮೌನ ಒಳ್ಳೆಯದೇ.

ತರಗತಿಯಲ್ಲಿ ಮಾಡಬೇಕಾದ್ದು ಬಹುಪಾಲು ಖರ್ಚಿಲ್ಲದ್ದು. ಬೋರ್ಡಿನ ಮೇಲೆ ಬರೆಯುವಾಗಲೇ ಬರೆಯುತ್ತಿರುವುದನ್ನು ಬಾಯಲ್ಲೂ ಹೇಳಿ. ‘ಇದನ್ನು ಇಲ್ಲಿಗೆ ತಂದು, ಅದನ್ನು ಅಲ್ಲಿಗೆ ಹಾಕಿ’ ಎಂದರೆ ಕಾಣದವರಿಗೂ ಗೊತ್ತಾಗುವುದಿಲ್ಲ, ಹಿಂದಿನ ಬೆಂಚಿನವರಿಗೂ ಗೊತ್ತಾಗುವುದಿಲ್ಲ. ಬೋರ್ಡಿನ ಕಡೆ ಮುಖ ಮಾಡಿಕೊಂಡು ವಿವರಿಸಬೇಡಿ. ತುಟಿಚಲನೆ ನೋಡಿ ಅರ್ಥಮಾಡಿಕೊಳ್ಳುವವರಿಗೆ ಆಗ ನಿಮ್ಮ ಬೆನ್ನಷ್ಟೇ ಕಾಣುತ್ತದೆ. ವಿಡಿಯೋ ಹಾಕಿದರೆ ಶೀರ್ಷಿಕೆ ಸಾಲುಗಳನ್ನೂ (ಸಬ್‌ಟೈಟಲ್) ಹಾಕಿ. ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳಿಗೂ ಅದು ಆಸರೆ. ಸೂಚನೆಗಳನ್ನು ಬರೆದೂ ಕೊಡಿ.

ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೂ ಕಾಯದೆ ಮುಂದಕ್ಕೆ ಹೋಗುತ್ತಿದ್ದುದು ಕಂಡುಬಂದಿತ್ತು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಮೊದಲು ಬಾಯಿ ಬಿಡದವರೂ ಮಾತಾಡಿದರು. ಮೂರು ಸೆಕೆಂಡು ಎಂದರೆ ಏನು ಮಹಾ ಅನಿಸಬಹುದು. ನಾಳೆ ತರಗತಿಯಲ್ಲಿ ಎಣಿಸಿ ನೋಡಿ, ಯುಗವೆನಿಸುತ್ತದೆ.

ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರು, ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ ಇವೆಲ್ಲ ಒಡಂಬಡಿಕೆ ಹೇಳುವ ಸೂಕ್ತ ಹೊಂದಾಣಿಕೆಯ ಭಾಗ. ‘ಇವಳಿಗೆ ಮಾತ್ರ ಯಾಕೆ’ ಎಂದು ಉಳಿದವರು ಕೇಳುತ್ತಾರೆ. ಕನ್ನಡಕ ಹಾಕಿದವರನ್ನು ತೋರಿಸಿ, ಪರೀಕ್ಷೆಯ ದಿನ ಅದನ್ನು ಕಿತ್ತುಕೊಂಡರೆ ಸಮಾನತೆ ಆಗುತ್ತದೆಯೇ ಎಂದು ಕೇಳಿ. ಆದರೆ ಆ ಹುಡುಗಿಯ ವೈದ್ಯಕೀಯ ವಿವರವನ್ನು ತರಗತಿಗೆ ವಿವರಿಸಲು ಹೋಗಬೇಡಿ. ಹೇಳಬೇಕೋ ಬೇಡವೋ ಎಂಬುದು ಅವಳ ನಿರ್ಧಾರ. ಮತ್ತು ‘ನಿನಗೆ ಏನು ಬೇಕು’ ಎಂದು ಅವಳನ್ನೇ ಕೇಳಿ, ಅವಳ ಪಕ್ಕದಲ್ಲಿ ಕೂತವಳನ್ನಲ್ಲ.

ಐದನೇ ಹೆಜ್ಜೆ: ಎಲ್ಲ ವಿಷಯಗಳಲ್ಲೂ

ಹಕ್ಕುಗಳನ್ನು ಸಮಾಜ ವಿಜ್ಞಾನದವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವ ಚಾಳಿ ಎಲ್ಲ ಕಡೆಯೂ ಇದೆ. ನನ್ನ ಪ್ರಕಾರ ಈ ಕೆಲಸಕ್ಕೆ ಅತ್ಯುತ್ತಮ ವಿಷಯ ಗಣಿತ. ತ್ರಿಕೋನಮಿತಿ ಕಲಿಸುವಾಗ ಶಾಲೆಯ ಬಾಗಿಲಿನ ಮೆಟ್ಟಿಲುಗಳನ್ನು ಅಳೆಯಿಸಿ. ಗಾಲಿಕುರ್ಚಿಯ ಇಳಿಜಾರಿಗೆ ಹಲವೆಡೆ ಬಳಸುವ ಅನುಪಾತ 1:12. ಒಂದೊಂದು 15 ಸೆಂಟಿಮೀಟರ್ ಇರುವ ಮೂರು ಮೆಟ್ಟಿಲೆಂದರೆ 45 ಸೆಂಟಿಮೀಟರ್ ಎತ್ತರ, ಇಳಿಜಾರಿಗೆ 5.4 ಮೀಟರ್ ಉದ್ದ ಬೇಕು, ಕೋನ ಸುಮಾರು 4.8 ಡಿಗ್ರಿ. ಈಗಿರುವ ಇಳಿಜಾರಿನ ಕೋನ ಎಷ್ಟು? ಲೆಕ್ಕ ಮುಗಿಯುವ ಹೊತ್ತಿಗೆ ಮಕ್ಕಳ ಕೈಯಲ್ಲಿ ಆಡಳಿತ ಮಂಡಳಿಗೆ ಕೊಡಬಹುದಾದ ಮನವಿಯ ಕರಡೇ ಸಿದ್ಧವಾಗಿರುತ್ತದೆ.

ಭಾಷಾ ಪಾಠದಲ್ಲಿ ಕರ್ಮಣಿ ಪ್ರಯೋಗ ಬರುತ್ತದಲ್ಲ, ಅದನ್ನೇ ಹಿಡಿಯಿರಿ. ‘ಪ್ರವೇಶ ನಿರಾಕರಿಸಲಾಯಿತು.’ ಯಾರು ನಿರಾಕರಿಸಿದರು? ‘ಅವರನ್ನು ಸ್ಥಳಾಂತರಿಸಲಾಯಿತು.’ ಯಾರು? ಒಂದು ವಾರದ ಸುದ್ದಿಗಳಿಂದ ಇಂಥ ವಾಕ್ಯಗಳನ್ನು ಆರಿಸಿ ಕರ್ತರಿಗೆ ತಿರುಗಿಸಲು ಹೇಳಿದರೆ, ವ್ಯಾಕರಣದ ಜೊತೆಗೆ ಹೊಣೆ ಜಾರಿಸುವ ಕಲೆಯ ಗುಟ್ಟೂ ಬಯಲಾಗುತ್ತದೆ.

ಜೀವಶಾಸ್ತ್ರದಲ್ಲಿ ಮೆಲನಿನ್, ಋತುಚಕ್ರ, ಬಣ್ಣಗುರುಡಿನ ಆನುವಂಶಿಕತೆ ಹೇಗೂ ಇವೆ. ಹುಡುಗರನ್ನು ಹೊರಗೆ ಕಳಿಸದೆ ಪಾಠ ಮಾಡಿದರೆ ಸಾಕು.

ಇತಿಹಾಸದಲ್ಲಿ ಮಹಾಪುರುಷರನ್ನು ಪಕ್ಕಕ್ಕಿಟ್ಟು ಮಕ್ಕಳ ವಯಸ್ಸಿನವರನ್ನೇ ತನ್ನಿ. 1951ರ ಏಪ್ರಿಲ್ 23ರಂದು ಅಮೆರಿಕದ ವರ್ಜೀನಿಯಾದ ಫಾರ್ಮ್‌ವಿಲ್‌ನಲ್ಲಿ 16 ವರ್ಷದ ಬಾರ್ಬರಾ ಜಾನ್ಸ್ ತನ್ನ ಶಾಲೆಯ ವಿದ್ಯಾರ್ಥಿಗಳನ್ನು ಸಭಾಂಗಣಕ್ಕೆ ಸೇರಿಸಿ ಮುಷ್ಕರಕ್ಕೆ ಕರೆ ಕೊಟ್ಟಳು. 180 ಮಕ್ಕಳಿಗೆಂದು ಕಟ್ಟಿದ ಕಪ್ಪು ಮಕ್ಕಳ ಆ ಶಾಲೆಯಲ್ಲಿ 450ಕ್ಕೂ ಹೆಚ್ಚು ಮಂದಿ ತುಂಬಿದ್ದರು, ಹೆಚ್ಚಾದವರಿಗೆ ಟಾರು ಕಾಗದ ಹೊದಿಸಿದ ಗುಡಿಸಲುಗಳು. ಅಲ್ಲಿ ಹುಟ್ಟಿದ ಮೊಕದ್ದಮೆ ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ಬ್ರೌನ್ ಪ್ರಕರಣದೊಳಗೆ ಸೇರಿಕೊಂಡಿತು, 1954ರಲ್ಲಿ ಶಾಲೆಗಳಲ್ಲಿ ವರ್ಣ ಪ್ರತ್ಯೇಕತೆ ಸಂವಿಧಾನಬಾಹಿರ ಎಂಬ ತೀರ್ಪು ಬಂತು. ಕಥೆ ಮುಗಿದ ಮೇಲೆ ‘ನಿಮ್ಮ ಗುಡಿಸಲು ಯಾವುದು’ ಎಂದು ಕೇಳಿ ಸುಮ್ಮನಾಗಿ.

ಆರನೇ ಹೆಜ್ಜೆ: ಬಿಸಿ ವಿಷಯಗಳ ಚರ್ಚೆ

ಧರ್ಮ, ಜನಾಂಗ, ಲಿಂಗತ್ವ, ವಲಸೆ. ಕೈ ಸುಡುತ್ತದೆಂದು ಶಿಕ್ಷಕರು ದೂರ ನಿಲ್ಲುತ್ತಾರೆ; ಮಕ್ಕಳು ಅದನ್ನೆಲ್ಲ ಮೊಬೈಲಿನಲ್ಲಿ ಕಲಿಯುತ್ತಾರೆ. ಜರ್ಮನಿಯ ರಾಜಕೀಯ ಶಿಕ್ಷಣ ತಜ್ಞರು 1976ರಲ್ಲಿ ಬಾಯ್ಟೆಲ್ಸ್‌ಬಾಖ್ ಎಂಬಲ್ಲಿ ಸೇರಿದಾಗ ಹೊಮ್ಮಿದ ಮೂರು ಸೂತ್ರಗಳು ಇಲ್ಲಿ ನೆರವಾಗುತ್ತವೆ: ವಿದ್ಯಾರ್ಥಿಯ ಮೇಲೆ ನಿಮ್ಮ ಅಭಿಪ್ರಾಯ ಹೇರಬೇಡಿ, ಸಮಾಜದಲ್ಲಿ ವಿವಾದವಿರುವುದನ್ನು ತರಗತಿಯಲ್ಲೂ ವಿವಾದವಾಗಿಯೇ ಇಡಿ, ತನ್ನ ಸ್ಥಿತಿಯನ್ನು ತಾನೇ ವಿಶ್ಲೇಷಿಸುವ ಶಕ್ತಿ ವಿದ್ಯಾರ್ಥಿಗೆ ಬರಲಿ.

ಇದಕ್ಕೊಂದು ಎಲ್ಲೆಯಿದೆ. ನೀತಿಗಳು ಚರ್ಚೆಗೆ ಬರಬಹುದು, ಕೋಣೆಯಲ್ಲಿ ಕೂತಿರುವ ಮಗುವಿನ ಘನತೆ ಬರಬಾರದು. ‘ಶಾಲೆಗಳು ಒಳಗೊಳ್ಳುವಿಕೆಗೆ ಹಣವನ್ನು ಹೇಗೆ ಹೊಂದಿಸಬೇಕು’ ಎಂಬುದು ಚರ್ಚಾ ವಿಷಯ. ‘ಇಂಥವರು ನಮ್ಮ ಶಾಲೆಯಲ್ಲಿ ಇರಬೇಕೇ’ ಎಂಬುದಲ್ಲ, ಅದಕ್ಕೆ ಪರ-ವಿರೋಧ ತಂಡ ಮಾಡಬಾರದು. ಯಾವ ಮಗುವನ್ನೂ ‘ನಿಮ್ಮವರು ಇದಕ್ಕೆ ಏನನ್ನುತ್ತಾರೆ’ ಎಂದು ಕೇಳಬೇಡಿ. ಆ ಮಗು ಒಂದು ಸಮುದಾಯದ ವಕ್ತಾರನಾಗಲು ಶಾಲೆಗೆ ಬಂದದ್ದಲ್ಲ.

ಅನುಕರಣೆಯ ಆಟಗಳ ಬಗ್ಗೆ ಒಂದು ಎಚ್ಚರಿಕೆ. 1968ರಲ್ಲಿ ಅಮೆರಿಕದ ಅಯೋವಾದ ಶಿಕ್ಷಕಿ ಜೇನ್ ಎಲಿಯಟ್ ಕಣ್ಣಿನ ಬಣ್ಣದ ಮೇಲೆ ಮಕ್ಕಳನ್ನು ಮೇಲು-ಕೀಳು ಎಂದು ವಿಂಗಡಿಸಿದ ಪ್ರಯೋಗ ಜಗತ್ಪ್ರಸಿದ್ಧ. ಅದನ್ನು ನಕಲು ಮಾಡಬೇಡಿ. ಪೋಷಕರ ಒಪ್ಪಿಗೆಯಿಲ್ಲದೆ, ಗಾಯಕ್ಕೆ ಮುಲಾಮಿಲ್ಲದೆ ಮಕ್ಕಳನ್ನು ನೋಯಿಸುವುದು ಹಕ್ಕುಗಳ ಪಾಠವಾಗುವುದು ಕಷ್ಟ. ನಾನೂ ಒಮ್ಮೆ ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸಿದ್ದೆ, ದೃಷ್ಟಿಹೀನತೆ ಅರ್ಥವಾಗಲಿ ಎಂದು. ಬಿದ್ದರು, ನಕ್ಕರು, ಕೊನೆಗೆ ‘ಅಯ್ಯೋ ಪಾಪ’ ಎಂದರು. ವರ್ಷಗಟ್ಟಲೆ ಅಭ್ಯಾಸದಿಂದ ಚುರುಕಾಗಿ ಓಡಾಡುವವರ ಬದುಕಿಗೂ ಐದು ನಿಮಿಷದ ಆ ಕತ್ತಲೆಗೂ ಸಂಬಂಧವೇ ಇರಲಿಲ್ಲ. ಈಗ ಅದರ ಬದಲು ಶಾಲೆಯಲ್ಲಿ ತಡೆಗಳ ಪಟ್ಟಿ ಮಾಡಿಸುತ್ತೇನೆ: ಯಾವ ಬಾಗಿಲು, ಯಾವ ಫಲಕ, ಯಾವ ಅರ್ಜಿ ನಮೂನೆ ಯಾರನ್ನು ತಡೆಯುತ್ತದೆ ಎಂದು. ಕರುಣೆಯ ಕಣ್ಣು ಕಟ್ಟಡದ ಕಡೆ ತಿರುಗುತ್ತದೆ.

ಏಳನೇ ಹೆಜ್ಜೆ: ಪೀಡನೆ ಎದುರಾದಾಗ

ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಕೊಟ್ಟ ವ್ಯಾಖ್ಯೆಯಲ್ಲಿ ಪೀಡನೆಗೆ (ಬುಲ್ಲಿಯಿಂಗ್) ಮೂರು ಗುರುತು: ಉದ್ದೇಶ, ಪುನರಾವರ್ತನೆ, ಬಲದ ಅಸಮತೋಲನ. ಮೂರನೆಯದನ್ನು ನಾವು ಮರೆಯುವುದರಿಂದಲೇ ‘ಇಬ್ಬರೂ ಕೈಕುಲುಕಿ ರಾಜಿಯಾಗಿ’ ಎಂಬ ದೊಡ್ಡ ತಪ್ಪು ಮಾಡುವುದು. ಸಮಬಲರ ಜಗಳಕ್ಕೆ ರಾಜಿ ಸರಿ. ಒಬ್ಬನ ಹಿಂದೆ ಆರು ಜನರಿದ್ದಾಗ, ಆ ಕೈಕುಲುಕು ಇನ್ನೊಂದು ಅವಮಾನ.

ಕ್ರಮ ಹೀಗಿರಲಿ. ಕಂಡ ಕೂಡಲೇ ನಿಲ್ಲಿಸಿ, ಆಡಿದ ಮಾತಿನ ಹೆಸರು ಹೇಳಿ: ‘ಅದು ಅವನ ಚರ್ಮದ ಬಣ್ಣವನ್ನು ಹೀಯಾಳಿಸುವ ಮಾತು, ಇಲ್ಲಿ ನಡೆಯುವುದಿಲ್ಲ.’ ಭಾಷಣ ಬೇಡ, ಅಲ್ಲೇ ವಿಚಾರಣೆಯೂ ಬೇಡ. ಆಮೇಲೆ ನೊಂದವರ ಜೊತೆ ಮೊದಲು ಮಾತಾಡಿ, ಒಬ್ಬರೇ ಇರುವಾಗ. ಮಾಡಿದವರ ಜೊತೆ ಬೇರೆಯಾಗಿ, ಗುಂಪಾಗಿ ಅಲ್ಲ. ನೋಡುತ್ತ ನಿಂತವರನ್ನೂ ಕರೆಯಿರಿ. ಅವರ ಮುಂದೆ ಎದುರಿಸುವುದೊಂದೇ ದಾರಿಯಲ್ಲ. ನೊಂದವನ ಪಕ್ಕ ಹೋಗಿ ನಿಲ್ಲುವುದು, ‘ಬಾ, ಲೈಬ್ರರಿಗೆ ಹೋಗೋಣ’ ಎಂದು ಕರೆದೊಯ್ಯುವುದು, ದೊಡ್ಡವರಿಗೆ ತಿಳಿಸುವುದು ಇವೂ ಇವೆ. ದಿನಾಂಕ, ಜಾಗ, ಆಡಿದ ಪದಗಳನ್ನು ಇದ್ದ ಹಾಗೆ ಬರೆದಿಡಿ. ಎರಡು ದಿನದ ನಂತರ ಒಮ್ಮೆ, ಎರಡು ವಾರದ ನಂತರ ಇನ್ನೊಮ್ಮೆ ವಿಚಾರಿಸಿ. ಹೆಚ್ಚಿನ ಪ್ರಕರಣಗಳು ಕೆಡುವುದು ಈ ಎರಡನೇ ವಿಚಾರಣೆ ನಡೆಯದೇ ಇರುವುದರಿಂದ.

ಮಗು ‘ಯಾರಿಗೂ ಹೇಳಬೇಡಿ, ಒಂದು ವಿಷಯ ಹೇಳ್ತೀನಿ’ ಎಂದು ಬಂದರೆ ಮಾತು ಕೊಡಬೇಡಿ. ‘ನಿನ್ನ ಸುರಕ್ಷತೆಗೆ ಬೇಕಾದರೆ ನಾನು ಒಬ್ಬರಿಗೆ ಹೇಳಬೇಕಾಗುತ್ತದೆ, ಯಾರಿಗೆ ಎಂದು ನಿನಗೆ ಮೊದಲೇ ತಿಳಿಸುತ್ತೇನೆ’ ಎನ್ನಿ. ಆಮೇಲೆ ಕೇಳಿಸಿಕೊಳ್ಳಿ, ಕೆದಕಬೇಡಿ, ತನಿಖೆ ನಿಮ್ಮ ಕೆಲಸವಲ್ಲ. ಕಾನೂನು ಹೇಳಿದ ಜಾಗಕ್ಕೆ ಅದೇ ದಿನ ವರದಿ ಮಾಡಿ.

ಎಂಟನೇ ಹೆಜ್ಜೆ: ಮಕ್ಕಳ ಕೈಗೆ ನಿಜವಾದ ಅಧಿಕಾರ

ಸಂಶೋಧಕ ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಮಕ್ಕಳ ಸಹಭಾಗಿತ್ವವನ್ನು 8 ಮೆಟ್ಟಿಲ ಏಣಿಯಾಗಿ ಚಿತ್ರಿಸಿದರು. ಕೆಳಗಿನ ಮೂರು ಮೆಟ್ಟಿಲುಗಳಾದ ಕುಯುಕ್ತಿ, ಅಲಂಕಾರ, ತೋರಿಕೆ ಸಹಭಾಗಿತ್ವವೇ ಅಲ್ಲ ಎಂದರು. ಅತಿಥಿಗಳಿಗೆ ಹೂಗುಚ್ಛ ಕೊಡಲಷ್ಟೇ ಕರೆಯುವ ವಿದ್ಯಾರ್ಥಿ ಸಂಘಗಳು ಯಾವ ಮೆಟ್ಟಿಲಲ್ಲಿವೆ ಎಂದು ಹೇಳಬೇಕಿಲ್ಲ.

ಒಂದು ಸಣ್ಣ, ಆದರೆ ನಿಜವಾದ ನಿರ್ಧಾರವನ್ನು ಪೂರ್ತಿ ಬಿಟ್ಟುಕೊಡಿ: ಗ್ರಂಥಾಲಯಕ್ಕೆ ಕೊಳ್ಳುವ ಪುಸ್ತಕಗಳ ಒಂದು ಪಾಲು, ಪರೀಕ್ಷಾ ವಾರದ ವೇಳಾಪಟ್ಟಿ, ಬಿಡುವಿನಲ್ಲಿ ಆಟದ ಮೈದಾನ ಯಾರಿಗೆ ಯಾವಾಗ ಎಂಬುದು. ಮೈದಾನದ್ದು ನನ್ನ ಮೆಚ್ಚಿನದು, ಯಾಕೆಂದರೆ ಎಲ್ಲೆಲ್ಲೂ ದೊಡ್ಡ ಹುಡುಗರೇ ಅದನ್ನು ಆಕ್ರಮಿಸಿರುತ್ತಾರೆ. ಪ್ರತಿನಿಧಿಗಳನ್ನು ಚುನಾವಣೆಯಿಂದ ಮಾತ್ರ ಆರಿಸಿದರೆ ಜನಪ್ರಿಯರೇ ಬರುತ್ತಾರೆ. ಅರ್ಧ ಸ್ಥಾನಗಳಿಗೆ ಚೀಟಿ ಎತ್ತಿ. ಬಾಯಿಬಿಡದವರಿಗೆ ಬರೆದು ಕೊಡುವ ಅವಕಾಶವಿರಲಿ. ಮಕ್ಕಳ ಬೇಡಿಕೆಗೆ ‘ಇಲ್ಲ’ ಎನ್ನಬೇಕಾದರೆ ಕಾರಣವನ್ನು ಬರಹದಲ್ಲಿ ಕೊಡಿ. 12ನೇ ವಿಧಿ ಕೇಳುವ ‘ತೂಕ’ ಇದೇ.

ಪೋಷಕರು, ಸಹೋದ್ಯೋಗಿಗಳು

ಇದನ್ನು ಹೆಜ್ಜೆ ಎನ್ನಲಾರೆ, ವರ್ಷವಿಡೀ ನಡೆಯುವ ಚೌಕಾಸಿ. ‘ಹಕ್ಕು ಹೇಳಿಕೊಟ್ಟರೆ ಶಿಸ್ತು ಕೆಡುತ್ತದೆ’ ಎನ್ನುವ ಸಹೋದ್ಯೋಗಿಯ ಜೊತೆ ವಾದಕ್ಕಿಳಿಯಬೇಡಿ. ಎರಡನೇ ಹೆಜ್ಜೆಯ ಕೆಂಪು ನಕ್ಷೆ ತೋರಿಸಿ, ಅವರ ತರಗತಿಯ ಒಂದು ತೊಂದರೆಗೆ ಕೈಜೋಡಿಸಿ. ಪೋಷಕರ ಸಭೆಯನ್ನು ಎಲ್ಲರೂ ಬರಬಹುದಾದ ಹೊತ್ತಿಗೆ ಇಡಿ. ಅರ್ಜಿಗಳಲ್ಲಿ ತಂದೆಯ ಹೆಸರಿನ ಜಾಗಕ್ಕೆ ‘ಪೋಷಕರು’ ಎಂದು ಬದಲಿಸಲು ಐದು ನಿಮಿಷ ಸಾಕು. ಒಬ್ಬರೇ ಹೊರಲು ಹೋಗಬೇಡಿ. ಇನ್ನಿಬ್ಬರಾದರೂ ಸಿಗುವವರೆಗೆ ದೊಡ್ಡ ಬದಲಾವಣೆಗೆ ಕೈಹಾಕಬೇಡಿ. ಏಕಾಂಗಿ ಶಿಕ್ಷಕರು ಎರಡನೇ ವರ್ಷಕ್ಕೆ ಸುಸ್ತಾಗಿ ಬಿಟ್ಟದ್ದನ್ನು ನೋಡಿದ್ದೇನೆ.

ಕೊನೆಯ ಹೆಜ್ಜೆ: ಲೆಕ್ಕ ನೋಡುವುದು

ವರ್ಷದ ಕೊನೆಗೆ ಅದೇ ನೆಲನಕ್ಷೆಯನ್ನು ಮತ್ತೆ ಹಂಚಿ, ಅದೇ ಚುಕ್ಕೆಯ ನಕ್ಷೆಯನ್ನು ಮತ್ತೆ ಬರೆಸಿ, ಹಳೆಯದರ ಪಕ್ಕ ಇಡಿ. ತರಗತಿಯಿಂದ ಹೊರಗೆ ಕಳಿಸಿದವರ ಪಟ್ಟಿಯಲ್ಲಿ ಅವೇ ಹೆಸರುಗಳು ಮರುಕಳಿಸುತ್ತಿವೆಯೇ, ಅವರೆಲ್ಲ ಒಂದೇ ಹಿನ್ನೆಲೆಯವರೇ ಎಂದು ನೋಡಿ. ಪ್ರವಾಸಕ್ಕೆ ಬಾರದವರು ಯಾರು, ಯಾಕೆ ಎಂದು ಕೇಳಿ.

ಮುಖ್ಯೋಪಾಧ್ಯಾಯರಿಗೆ ಒಂದು ಮಾತನ್ನು ವರ್ಷದ ಆರಂಭದಲ್ಲೇ ಹೇಳಿಟ್ಟಿರಿ: ಮೊದಲ ಕೆಲವು ತಿಂಗಳಲ್ಲಿ ದೂರುಗಳು ಕಡಿಮೆಯಾಗುವುದಿಲ್ಲ, ಹೆಚ್ಚುತ್ತವೆ. ಇಷ್ಟು ದಿನ ನುಂಗಿಕೊಂಡಿದ್ದವರು ಹೇಳತೊಡಗಿರುತ್ತಾರೆ. ಆ ಅಂಕಿ ಕಂಡು ಗಾಬರಿಯಾಗಿ ದೂರು ಪೆಟ್ಟಿಗೆಯನ್ನೇ ತೆಗೆಸಿದ ಶಾಲೆಯೊಂದು ನನಗೆ ಗೊತ್ತು. ಮುಂದಿನ ತಿಂಗಳು ಅಲ್ಲಿ ಒಂದೂ ದೂರು ಬರಲಿಲ್ಲ, ಎಲ್ಲ ಸರಿಹೋಯಿತೆಂದು ವರದಿ ಬರೆದರು.